ಅಂಟಕ್ಕನ ಗೆರೆಗಳು

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಅಂಟಕ್ಕ ಎಂದೇ ಕರೆಯುತ್ತಿದ್ದರು. ಜನರ ತಲೆಗೆ ತಂತಿ ಅಂಟಿಸಿ, ಮೆದುಳಿನ ಅಲೆಗಳನ್ನು ಯಂತ್ರದ ಪರದೆಗೆ ಇಳಿಸುವುದು ಅವಳ ಕೆಲಸ. ಬಾಗಿಲ ಮೇಲೆ ಇಇಜಿ ಎಂದು ಬರೆದಿತ್ತು, ಬರುವವರ ಬಾಯಲ್ಲಿ ಮಾತ್ರ ಅದು ತಲೆ ಕರೆಂಟು. ಅಂಟಿಸುವ ಬಿಳಿ ಲೇಪ ಅವಳ ಉಗುರಿನ ಸಂದಿಯಲ್ಲಿ, ಗಡಿಯಾರದ ಪಟ್ಟಿಯಲ್ಲಿ, ಒಮ್ಮೊಮ್ಮೆ ಊಟದ ಡಬ್ಬಿಯ ಮುಚ್ಚಳದಲ್ಲೂ ಸಿಗುತ್ತಿತ್ತು. ಹಾಗಾಗಿ ಆ ಹೆಸರು. ಅವಳಿಗೇನೂ ಬೇಸರವಿರಲಿಲ್ಲ. ಬೆನ್ನ ಹಿಂದೆ ಡಾಕ್ಟರಿಗೆ ಇಟ್ಟಿದ್ದ ಹೆಸರಿನ ಮುಂದೆ ಇದು ಎಷ್ಟೋ ವಾಸಿ.

ಅವಳ ಕೋಣೆ ಪಡಸಾಲೆಯ ತುದಿಯಲ್ಲಿತ್ತು. ಒಂದು ಮಂಚ, ಒಂದು ಕುರ್ಚಿ, ಗಾಲಿಯ ಮೇಲೆ ನಿಂತ ಯಂತ್ರ, ಬೆಳಕು ಬಾರದಂತೆ ಕಿಟಕಿಗೆ ದಪ್ಪ ಪರದೆ. ಬಂದವರ ತಲೆಯನ್ನು ಟೇಪು ಹಿಡಿದು ಅಳೆಯುವಳು, ಕೆಂಪು ಪೆನ್ಸಿಲಿನಿಂದ ಗುರುತು ಹಾಕುವಳು, ಕೂದಲಲ್ಲಿ ಬೈತಲೆ ತೆಗೆದು ಚರ್ಮವನ್ನು ಉಜ್ಜುವಳು, ಬಟ್ಟಲಿನಂಥ ಪುಟ್ಟ ಲೋಹದ ಬಿಲ್ಲೆಗಳನ್ನು ಒಂದೊಂದಾಗಿ ಒತ್ತುವಳು. ಆಮೇಲೆ, "ಕಣ್ಣು ಮುಚ್ಚಿ, ಆರಾಮಾಗಿರಿ" ಎನ್ನುವಳು. ಎಚ್ಚರವಿದ್ದು ಕಣ್ಣು ಮುಚ್ಚಿದವರ ತಲೆಯ ಹಿಂಭಾಗದಿಂದ ಬಾಚಣಿಗೆಯ ಹಲ್ಲಿನಷ್ಟು ಒತ್ತೊತ್ತಾದ ಅಲೆಗಳು ಬರುತ್ತವೆ. ಕಣ್ಣು ಬಿಟ್ಟರೆ ಮಾಯ. ತೂಕಡಿಕೆ ಬಂದರೆ ಅವು ಚದುರುತ್ತವೆ, ನಿದ್ದೆ ಹತ್ತಿದರೆ ದೊಡ್ಡ ದೊಡ್ಡ ಸೋಮಾರಿ ಅಲೆಗಳು ಏಳುತ್ತವೆ. ಎಚ್ಚರದಿಂದ ನಿದ್ದೆಗೆ ಮನುಷ್ಯ ಜಾರುವ ಗಳಿಗೆ ಅವನಿಗೇ ಗೊತ್ತಾಗುವುದಿಲ್ಲ. ಅಂಟಕ್ಕನಿಗೆ ಗೊತ್ತಾಗುತ್ತಿತ್ತು.

ಒಮ್ಮೆ ಬಟ್ಟೆ ಅಂಗಡಿಯವನೊಬ್ಬ ತಲೆ ತುಂಬ ತಂತಿ ಹೊತ್ತುಕೊಂಡು, ಪಕ್ಕದಲ್ಲಿದ್ದ ಹೆಂಡತಿಯ ಕಡೆ ಕಳ್ಳನೋಟ ಬೀರಿ, "ಮನಸ್ಸಲ್ಲಿ ಇರೋದೆಲ್ಲ ಇದ್ರಲ್ಲಿ ಬರುತ್ತಾ ಮೇಡಂ?" ಎಂದು ಕೇಳಿದ್ದ. "ಬರಲ್ಲ, ಧೈರ್ಯವಾಗಿ ಮಲಗಿ" ಎಂದಿದ್ದಳು. ಅವನ ಹೆಂಡತಿ, "ಬರೋ ಯಂತ್ರ ಯಾವಾಗ ತರಿಸ್ತೀರಿ?" ಎಂದಳು. ಅವತ್ತು ಸಂಜೆಯವರೆಗೂ ಅಂಟಕ್ಕ ನಕ್ಕಿದ್ದಳು.

ಅವಳಿಗೆ ಎರಡು ಕಟ್ಟುನಿಟ್ಟಿನ ನಿಯಮಗಳಿದ್ದವು. ಒಂದು, ಗೆರೆ ಓಡುತ್ತಿರುವಾಗ ಮನೆಯವರು ಯಾರೂ ರೋಗಿಯನ್ನು ಮುಟ್ಟಬಾರದು. ಯಂತ್ರ ಬಲು ಸೂಕ್ಷ್ಮ. ರೋಗಿ ಎಂಜಲು ನುಂಗಿದರೂ, ಮಂಚಕ್ಕೆ ಯಾರದಾದರೂ ಮೊಣಕಾಲು ತಾಗಿದರೂ ಗೆರೆ ಕುಣಿಯುತ್ತದೆ, ಮೆದುಳಿನದೇ ಅಲೆಯೇನೋ ಎಂಬಂತೆ ಕುಣಿಯುತ್ತದೆ. ಎರಡನೆಯದು, ಕಂಡದ್ದನ್ನು ಬಾಯಿಬಿಡಬಾರದು. ತಾಯಂದಿರು, ಗಂಡಂದಿರು ಅವಳ ಮುಖವನ್ನೇ ಓದಲು ನೋಡುತ್ತಿದ್ದರು. "ಏನಾದ್ರೂ ಇದೆಯಾ?" ಎನ್ನುತ್ತಿದ್ದರು. ಅವಳದು ಒಂದೇ ಉತ್ತರ: "ನಾನು ಬರೀ ತೆಗೀತೀನಿ. ಓದೋದು ಡಾಕ್ಟರು." ಆ ಮಾತು ಕೇಳಿದ ಕೂಡಲೇ ಕೆಲವರಿಗೆ ಎಲ್ಲವೂ ಅರ್ಥವಾಗಿಬಿಡುತ್ತಿತ್ತು. ಅದಕ್ಕೆ ಅವಳಾದರೂ ಏನು ಮಾಡಿಯಾಳು?

ಅವಳ ತಮ್ಮ ಬೇಕರಿಯಲ್ಲಿ ಒಲೆಯ ಮುಂದೆ ಕೆಲಸ ಮಾಡುವವನು. ಹುಟ್ಟಾ ನಿದ್ದೆಬುರುಕ. ಪಕ್ಕದಲ್ಲಿ ಡೋಲು ಬಾರಿಸಿದರೂ ಮಗ್ಗುಲು ಬದಲಿಸುತ್ತಿರಲಿಲ್ಲ. ಅಂಥವನಿಗೆ ಊರು ಏಳುವ ಮೊದಲೇ ಏಳಬೇಕಾದ ಕೆಲಸ ಸಿಕ್ಕಿದ್ದು ಮನೆಯವರಿಗೆಲ್ಲ ತಮಾಷೆ. ಮದುವೆಯಾದ ಮೇಲೆ ಹೆಂಡತಿ ಗಡಿಯಾರ ಇಟ್ಟು ನೋಡಿದಳು, ಮುಖಕ್ಕೆ ನೀರು ಚಿಮುಕಿಸಿ ನೋಡಿದಳು. ಕೊನೆಗೆ ಅತ್ತೆಯ ಕೋಣೆಯ ಬಾಗಿಲು ತಟ್ಟಿದಳು. ಅಮ್ಮ ಬಂದು ಮಂಚದ ಅಂಚಿನಲ್ಲಿ ಕೂತು, ಮಗನ ಎಡ ಭುಜವನ್ನು ಅಂಗೈಯಿಂದ ಮೆಲ್ಲಗೆ ತಟ್ಟುತ್ತಿದ್ದಳು. ಕೂಗುವುದಿಲ್ಲ, ಬೈಯುವುದಿಲ್ಲ, ಬರೀ ತಟ್ಟುವುದು. ಸ್ವಲ್ಪ ಹೊತ್ತಿಗೆ, "ಇನ್ನೊಂದ್ ಚೂರಮ್ಮ" ಎಂದು ಗೊಣಗುತ್ತಾ ಅವನು ಎದ್ದು ಕೂರುತ್ತಿದ್ದ. ಶಾಲೆಗೆ ಹೋಗುವಾಗಲೂ ಹಾಗೇ, ಇಬ್ಬರು ಮಕ್ಕಳ ತಂದೆಯಾದ ಮೇಲೂ ಹಾಗೇ.

ಅಂಥವನು ಒಂದು ದಿನ ಬ್ರೆಡ್ಡಿನ ತಟ್ಟೆಗಳನ್ನು ಒಲೆಗೆ ತಳ್ಳುತ್ತಾ ತಳ್ಳುತ್ತಾ ಕುಸಿದ. ಹೃದಯ ನಿಂತುಹೋಗಿತ್ತು. ಆಸ್ಪತ್ರೆಯವರು ಅದನ್ನು ಮತ್ತೆ ಓಡುವಂತೆ ಮಾಡಿದರು, ಆದರೆ ಅಷ್ಟರಲ್ಲಿ ಮೆದುಳು ರಕ್ತವಿಲ್ಲದೆ ಬಹಳ ಹೊತ್ತು ಕಾದಿತ್ತು. ಅಂಟಕ್ಕ ಕೆಲಸ ಮಾಡುವ ಆಸ್ಪತ್ರೆಯಲ್ಲೇ, ಅವಳ ಕೋಣೆಯ ಕೆಳಗಿನ ಮಹಡಿಯಲ್ಲೇ, ಉಸಿರಾಟದ ಯಂತ್ರಕ್ಕೆ ಸಿಕ್ಕಿಸಿ ಅವನನ್ನು ಮಲಗಿಸಿದ್ದರು. ದಿನಗಳು ಕಳೆದರೂ ಕಣ್ಣು ಬಿಡಲಿಲ್ಲ.

ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದರು. "ಉಳಿದ ಪರೀಕ್ಷೆಗಳು ಯಾವುದೂ ಚೆನ್ನಾಗಿಲ್ಲ. ಇವತ್ತು ತಲೆಯ ಗೆರೆ ತೆಗೆದು ನೋಡೋಣ. ಏನಾದ್ರೂ ಅಲೆ ಇದ್ರೆ ಕಾಯೋಣ. ಏನೂ ಇಲ್ಲ ಅಂದ್ರೆ ನಿಮ್ಮ ಮನೆಯವರ ಜೊತೆ ಕೂತು ಮಾತಾಡ್ಬೇಕಾಗುತ್ತೆ."

ಕೂತು ಮಾತಾಡುವುದು ಎಂದರೇನು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೆಂದೇ ಒಂದು ಸಣ್ಣ ಕೋಣೆಯಿತ್ತು. ಅಲ್ಲಿ ಒಂದು ನೀರಿನ ಜಗ್ಗು, ನಾಲ್ಕು ಕುರ್ಚಿ. ಒಳಗೆ ಹೋದವರು ಬೇರೆಯೇ ಮುಖ ಹೊತ್ತು ಹೊರಗೆ ಬರುತ್ತಿದ್ದರು.

"ಬೇರೆ ಕಡೆಯಿಂದ ಯಾರನ್ನಾದ್ರೂ ಕರೆಸಲಾ?" ಎಂದರು ಡಾಕ್ಟರು.

"ಬೇಡ ಸರ್. ಅವನ ತಲೆ ನನಗೆ ಗೊತ್ತು" ಎಂದಳು. ಅದೆಂಥ ಪೆದ್ದು ಮಾತು ಎಂದು ಯಂತ್ರ ತಳ್ಳಿಕೊಂಡು ಅರ್ಧ ದಾರಿ ಹೋದ ಮೇಲೆ ಹೊಳೆಯಿತು.

ತಲೆಯೇನೋ ಗೊತ್ತಿತ್ತು. ಚಿಕ್ಕವನಿದ್ದಾಗ ಬಾಚುತ್ತಿದ್ದವಳು ಅವಳೇ. ನೆತ್ತಿಯಲ್ಲಿ ಎರಡು ಸುಳಿ, ಎಷ್ಟು ಬಾಚಿದರೂ ಮಾತು ಕೇಳದ ಕೂದಲು. ಕಿವಿಯ ಹಿಂದೆ ಉಜ್ಜುವಾಗ ಬೆರಳಿಗೆ ಏನೋ ಬಿಳಿಯದು ಹತ್ತಿತು. ತನ್ನ ಲೇಪವೇ ಇರಬೇಕು ಎಂದುಕೊಂಡಳು. ಅಲ್ಲ, ಮೈದಾಹಿಟ್ಟು. ಬೆವರಿಗೆ ಕಲಸಿಹೋಗಿ ಒಣಗಿತ್ತು. ದಿನಾ ಒರೆಸುವ ನರ್ಸುಗಳ ಕೈಗೆ ಸಿಕ್ಕಿರಲಿಲ್ಲ. ಅದನ್ನು ತೆಗೆಯಲು ಅವಳಿಗೆ ಮನಸ್ಸು ಬರಲಿಲ್ಲ, ತೆಗೆಯದೆ ಬಿಲ್ಲೆ ಕೂರುವಂತಿರಲಿಲ್ಲ. ತೆಗೆದಳು.

ಅಮ್ಮ ಮಂಚದ ಪಕ್ಕದಲ್ಲೇ ನಿಂತಿದ್ದಳು. ಬೇರೆ ಯಾರಾದರೂ ಆಗಿದ್ದರೆ, "ಮುಟ್ಟಬೇಡಿ, ಸ್ವಲ್ಪ ದೂರ ನಿಲ್ಲಿ" ಎಂದು ಮೊದಲು ಹೇಳಿ ಆಮೇಲೆ ಗುಂಡಿ ಒತ್ತುತ್ತಿದ್ದಳು. ಹೆತ್ತ ತಾಯಿಗೆ ಮಗನನ್ನು ಮುಟ್ಟಬೇಡ ಎಂದು ಹೇಗೆ ಹೇಳುವುದು? ಹೇಳಲಿಲ್ಲ. ಗುಂಡಿ ಒತ್ತಿದಳು.

ಗೆರೆಗಳು ಓಡಿದವು. ಏನೂ ಇರಲಿಲ್ಲ. ಒಂದರ ಕೆಳಗೊಂದು, ಸ್ಕೇಲು ಹಿಡಿದು ಎಳೆದಂತೆ, ಗೆರೆಗಳು ಮಾತ್ರ. ಅವನ ಕಿವಿಯ ಹತ್ತಿರ ಚಪ್ಪಾಳೆ ತಟ್ಟಿದಳು. ಉಗುರನ್ನು ಒತ್ತಿ ಚಿವುಟಿದಳು. "ಏ ನಿದ್ದೆಬುರುಕ" ಎಂದು ಕರೆದಳು, ಅದೂ ಎರಡು ಸಲ. ಗೆರೆಗಳು ಹಾಗೇ ಓಡಿದವು. ಯಂತ್ರದಲ್ಲೇ ಏನೋ ತಪ್ಪಿರಬೇಕು ಎಂದು ಮಂಚಕ್ಕೆ ಬೆನ್ನು ತಿರುಗಿಸಿ ಒಂದೊಂದೇ ಗುಂಡಿ ಸರಿಮಾಡತೊಡಗಿದಳು. ತಪ್ಪು ಯಂತ್ರದ್ದಲ್ಲ ಎಂದು ಗೊತ್ತಿದ್ದವರು ಮಾಡುವ ಕೆಲಸ ಅದು.

ಆಗ ಅಲೆ ಬಂತು.

ತಲೆಯ ಹಿಂಭಾಗದ ಗೆರೆಗಳಲ್ಲಿ, ಒಂದಾದ ಮೇಲೊಂದು, ದುಂಡಗೆ, ನಿಧಾನವಾಗಿ. ಎಚ್ಚರದ ಅಲೆಯಲ್ಲ. ಆದರೆ ಅವಳಿಗೆ ಎಚ್ಚರವೇ ಬೇಕೆಂದೇನಿರಲಿಲ್ಲ, ನಿದ್ದೆಯಾದರೂ ಸಾಕಿತ್ತು. ನಿದ್ದೆ ಮಾಡುತ್ತಿರುವವನು ಏಳಬಹುದಲ್ಲ. ಇಷ್ಟು ವರ್ಷ ಬಾಯಿಗೆ ಹಾಕಿಕೊಂಡಿದ್ದ ಬೀಗ ಒಂದು ಗಳಿಗೆಯಲ್ಲಿ ಕಳಚಿಬಿತ್ತು.

"ಅಮ್ಮ, ಬಂತು. ನಿದ್ದೆ ಥರ ಇದೆ ಅಮ್ಮ" ಎಂದಳು, ಪರದೆಯಿಂದ ಕಣ್ಣು ಕೀಳದೆ.

"ನಿದ್ದೆನಾ?" ಅಮ್ಮನ ದನಿಗೆ ಜೀವ ಬಂದಿತ್ತು. "ನಿದ್ದೆ ಆದ್ರೆ ನನಗೆ ಬಿಡು. ನಾನು ತಟ್ಟಿ ಅವನು ಏಳದೇ ಇದ್ದಿದ್ದು ಇವತ್ತಿನವರೆಗೆ ಉಂಟಾ? ಇರು, ಅವಳಿಗೆ ಹೇಳಿ ಬರ್ತೀನಿ. ಪಾಪ, ಒಂದು ತುತ್ತೂ ತಿಂದಿಲ್ಲ."

ಅಮ್ಮ ಬಾಗಿಲಿಗೆ ಹೋದಳು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಸೊಸೆಗೆ, "ನಿದ್ದೆ ಮಾಡ್ತಿದಾನಂತೆ ಕಣೆ" ಎನ್ನುವುದು ಒಳಗೆ ಕೇಳಿಸಿತು. ಸೊಸೆ ಜೋರಾಗಿ ಅತ್ತಳು, ಅಳುತ್ತಲೇ ನಕ್ಕಳು.

ಪರದೆಯ ಮೇಲೆ ಅಲೆ ನಿಂತಿತು.

ಅಂಟಕ್ಕ ತಂತಿಗಳನ್ನು ಮುಟ್ಟಿ ನೋಡಿದಳು, ಬಿಲ್ಲೆಗಳನ್ನು ಒತ್ತಿ ನೋಡಿದಳು. ಎಲ್ಲವೂ ಸರಿಯಾಗಿದ್ದವು. ಅಮ್ಮ ಕಣ್ಣೊರೆಸಿಕೊಳ್ಳುತ್ತಾ ಒಳಗೆ ಬಂದಳು, ಮಂಚದ ಅಂಚಿನಲ್ಲಿ ಕೂತಳು, ಮಗನ ಎಡ ಭುಜದ ಮೇಲೆ ಅಂಗೈಯಿಟ್ಟು ಮೆಲ್ಲಗೆ ತಟ್ಟತೊಡಗಿದಳು. ಅಲೆ ಮತ್ತೆ ಎದ್ದಿತು. ಭುಜ ಅಲುಗಿದಂತೆ ತಲೆ ದಿಂಬಿನ ಮೇಲೆ ಕೂದಲೆಳೆಯಷ್ಟು ಅಲುಗುತ್ತಿತ್ತು, ತಲೆಯ ಹಿಂದಿನ ಬಿಲ್ಲೆಗಳು ದಿಂಬಿಗೆ ಉಜ್ಜುತ್ತಿದ್ದವು. ಒಂದು ತಟ್ಟಿಗೆ ಒಂದು ಅಲೆ.

ಇಂಥದ್ದನ್ನು ಹೊಸ ಹುಡುಗಿಯರು ಮೆದುಳಿನ ಅಲೆ ಎಂದು ಹಿಡಿದುಕೊಂಡು ಓಡಿಬಂದಾಗ ಅವಳು ಎಷ್ಟು ಸಲ ಗದರಿಸಿದ್ದಳು. "ಮೊದಲು ರೋಗಿನ ನೋಡು, ಆಮೇಲೆ ಪರದೆ" ಎನ್ನುತ್ತಿದ್ದಳು. ಇವತ್ತು ಅವಳೇ ರೋಗಿಗೆ ಬೆನ್ನು ಹಾಕಿ ನಿಂತಿದ್ದಳು, ಹಿಂದೆ ಅಮ್ಮ ಆಗಲೇ ತಟ್ಟತೊಡಗಿದ್ದನ್ನು ನೋಡಿರಲಿಲ್ಲ.

"ನೋಡ್ದ್ಯಾ?" ಎಂದಳು ಅಮ್ಮ. ಅವಳ ಕಣ್ಣೂ ಈಗ ಪರದೆಯ ಮೇಲಿತ್ತು. ಒಮ್ಮೆ ಕೈ ಎತ್ತಿದಳು, ಗೆರೆ ಸಪಾಟಾಯಿತು. ಮತ್ತೆ ತಟ್ಟಿದಳು, ಎದ್ದಿತು. "ನನ್ನ ಕೈ ಅವನಿಗೆ ಗೊತ್ತಾಗುತ್ತೆ. ನೀನು ಚಪ್ಪಾಳೆ ಹೊಡೆದೆ, ಚಿವುಟಿದೆ, ಅದಕ್ಕೆಲ್ಲ ಅವನು ಜಗ್ಗಲ್ಲ. ನನ್ನ ಕೈಯೇ ಬೇಕು ಅವನಿಗೆ."

ಅಂಟಕ್ಕ ಏನು ಹೇಳಬೇಕು? ಅದು ಅವನಲ್ಲ ಅಮ್ಮ, ನೀನೇ ಎಂದು ಹೇಳಬೇಕಿತ್ತು. ಅಮ್ಮನ ಮುಖದಲ್ಲಿ ಬಂದಿದ್ದ ಬೆಳಕನ್ನು ತಂದವಳೂ ತಾನೇ, ಈಗ ಅದನ್ನು ಕಿತ್ತುಕೊಳ್ಳಬೇಕಾದವಳೂ ತಾನೇ. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು.

ಅಷ್ಟರಲ್ಲಿ ಡಾಕ್ಟರು ಬಂದರು. ಅಮ್ಮ ತಟ್ಟುತ್ತಲೇ, "ನೋಡಿ ಡಾಕ್ಟ್ರೇ, ನಿದ್ದೆ ಮಾಡ್ತಿದಾನೆ ಅಂತ ನನ್ನ ಮಗಳೇ ಹೇಳಿದ್ಲು" ಎಂದಳು. ಡಾಕ್ಟರು ಪರದೆ ನೋಡಿದರು, ಅಮ್ಮನ ಕೈ ನೋಡಿದರು, ಆಮೇಲೆ ಅಂಟಕ್ಕನನ್ನು ನೋಡಿದರು. ಬೈದಿದ್ದರೆ ವಾಸಿಯಿತ್ತು. ಬೈಯಲಿಲ್ಲ.

"ಇನ್ನೊಂದು ಸಲ ತೆಗೀಬೇಕಾಗುತ್ತೆ ಅಲ್ವಾ?" ಎಂದರು ಮೆತ್ತಗೆ.

"ಹೌದು ಸರ್."

"ನಾನು ಹೇಳ್ಲಾ ಅಮ್ಮನಿಗೆ?"

"ಬೇಡ ಸರ್. ನಾನೇ ಹೇಳ್ತೀನಿ."

ಡಾಕ್ಟರು ಬಾಗಿಲ ಬಳಿ ಸರಿದು ನಿಂತರು. ಅಂಟಕ್ಕ ಅಮ್ಮನ ಪಕ್ಕ ಬಗ್ಗಿ, "ಅಮ್ಮ, ಸ್ವಲ್ಪ ಹೊತ್ತು ಕೈ ತೆಗಿ" ಎಂದಳು.

"ತೆಗೆದ್ರೆ ನಿಂತುಹೋಗುತ್ತೆ."

"ತೆಗಿ ಅಮ್ಮ."

"ನಿಂಗೇನು ಹುಚ್ಚಾ? ಈಗ ತಾನೇ ಎಳೀತಿದೀನಿ ಅವನನ್ನ ಮೇಲಕ್ಕೆ. ಅರ್ಧದಲ್ಲಿ ಬಿಡು ಅಂತೀಯಲ್ಲ." ಅಮ್ಮ ತಟ್ಟುವುದನ್ನು ನಿಲ್ಲಿಸಲಿಲ್ಲ. ಆದರೆ ಮಗಳ ಮುಖ ನೋಡಿದಳು, ತುಂಬ ಹೊತ್ತು ನೋಡಿದಳು. "ನಾನು ತೆಗೆಯಲ್ಲ" ಎಂದಳು ಕೊನೆಗೆ, ದನಿ ಇಳಿಸಿ. "ಬೇಕಾದ್ರೆ ನೀನೇ ತೆಗೆ."

ಅಂಟಕ್ಕ ತಮ್ಮನ ಭುಜದ ಮೇಲಿಂದ ಅಮ್ಮನ ಕೈಯನ್ನು ಎತ್ತಿ ತನ್ನ ಕೈಯೊಳಗೆ ಹಿಡಿದುಕೊಂಡಳು. ಇನ್ನೊಂದು ಕೈಯಿಂದ ಗುಂಡಿ ಒತ್ತಿದಳು. ಗೆರೆಗಳು ಓಡಿದವು. ಉಸಿರಾಟದ ಯಂತ್ರ ತನ್ನಷ್ಟಕ್ಕೆ ಏದುಸಿರು ಬಿಡುತ್ತಿತ್ತು. ಬಾಗಿಲ ಗಾಜಿನಾಚೆ ತಮ್ಮನ ಹೆಂಡತಿ ಯಾರೋ ಕೊಟ್ಟ ಬ್ರೆಡ್ಡನ್ನು ಹಸಿದವಳಂತೆ ತಿನ್ನುತ್ತಿದ್ದಳು.

ಗೆರೆಗಳು ಪರದೆಯ ಈ ತುದಿಯಿಂದ ಆ ತುದಿಗೆ ಓಡಿ ಮುಗಿದು, ಮತ್ತೆ ಈ ತುದಿಯಿಂದ ಶುರುವಾದವು. ಅಮ್ಮ ಪರದೆಯನ್ನು ನೋಡಲಿಲ್ಲ. ಎಲ್ಲ ತಾಯಂದಿರಂತೆ ಅವಳೂ ಅಂಟಕ್ಕನ ಮುಖವನ್ನೇ ನೋಡುತ್ತಿದ್ದಳು.

"ಏನಾದ್ರೂ ಇದೆಯೇನೇ?" ಎಂದು ಕೇಳಿದಳು.

ಅಂಟಕ್ಕ ಬಾಯಿ ತೆರೆದಳು.

"ನಾನು ಬರೀ ತೆಗೀತೀನಿ ಅಮ್ಮ" ಎಂದಳು. "ಓದೋದು ಡಾಕ್ಟರು."

ಅಮ್ಮ ತಲೆ ತಗ್ಗಿಸಿದಳು. ಅವಳ ಕೈ ಮಾತ್ರ ಮಗಳ ಮುಷ್ಟಿಯೊಳಗೆ ಇನ್ನೂ ಮೆಲ್ಲಗೆ ತಟ್ಟುತ್ತಲೇ ಇತ್ತು.