ಬ್ಯಾರಿಯರ್ ಬಳಿ ಕಾದು ನಿಂತ ಮೂರು ಪ್ರೊಸೆಸರ್

ಅಂಗಳ ಸಾರಿಸಿದೆ, ಕಾಯಿ ತುರಿದೆ, ಬಾಳೆಲೆ ತೊಳೆದು ಒರಗಿಸಿಟ್ಟೆ, ಹಂಡೆಗೆ ನೀರು ತುಂಬಿದೆ. 1988ರಲ್ಲಿ, ಬಿಳಿಗೆರೆಯ ನಮ್ಮ ಮನೆಯಲ್ಲಿ ಅತ್ತೆಯವರ ತಿಥಿಯ ದಿನ. ನಾನಾಗ ಬೆಂಗಳೂರಿನ ಒಂದು ಸಂಶೋಧನಾಲಯದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರಿನ ವಿಭಾಗದಲ್ಲಿದ್ದೆ. ನಾಲ್ಕು ಪ್ರೊಸೆಸರ್ ಒಟ್ಟಿಗೆ ದುಡಿಯುವ ಯಂತ್ರ ನಮ್ಮದು. ಬರೆದ ಪ್ರೋಗ್ರಾಮನ್ನು ಮೊದಲು ಓದಿ ತಪ್ಪು ಹಿಡಿಯುವ ಕಂಪೈಲರಿನ ಭಾಗ, ‘ಫ್ರಂಟ್ ಎಂಡ್’, ನನ್ನ ಪಾಲಿನ ಕೆಲಸ. ಪ್ರೋಗ್ರಾಮಿನ ನಡುವೆ ‘ಬ್ಯಾರಿಯರ್’ ಎಂದು ಬರೆದರೆ, ನಾಲ್ಕೂ ಅಲ್ಲಿಗೆ ಬಂದು ಸೇರುವವರೆಗೆ ಯಾವುದೂ ಮುಂದಕ್ಕೆ ಹೋಗಕೂಡದು.

ಆ ವಾರ ನಮ್ಮ ವಿಭಾಗದ ಮುಖ್ಯಸ್ಥರೇ ಬರೆದ ಪ್ರೋಗ್ರಾಮು ಮತ್ತೆ ಮತ್ತೆ ನಡುವೆ ನಿಂತುಬಿಡುತ್ತಿತ್ತು. ದೂರು ಬಿದ್ದದ್ದು ಯಂತ್ರದ ಸರ್ಕ್ಯೂಟ್ ಬೋರ್ಡು ಜೋಡಿಸುವ ರಂಗಸ್ವಾಮಿಯ ಮೇಲೆ. ಚಿಕ್ಕನಾಯಕನಹಳ್ಳಿಯವನು, ಕರಾರಿನ ನೌಕರ. ತಿಥಿಯ ದಿನ ಆ ಪ್ರೋಗ್ರಾಮಿನ ಪ್ರಿಂಟ್ ಕಾಗದದ ಕಟ್ಟು ಬಗಲಲ್ಲಿಟ್ಟುಕೊಂಡು ಬಸ್ಸಿಳಿದ.

“ಅಕ್ಕಾ, ಬೋರ್ಡು ಬಿಚ್ಚಿ ಬಿಚ್ಚಿ ನೋಡಿದ್ದೀನಿ, ಸರಿಯಾಗೈತೆ. ಆದ್ರೂ ಕೆಲಸದಿಂದ ತೆಗೀತಾರಂತೆ.”

“ಮೊದ್ಲು ಉಣ್ಣು ಕಣಪ್ಪ, ಆಮೇಲೆ ನೋಡಾನ.”

ನಮ್ಮಲ್ಲಿ ಪಂಕ್ತಿಯಲ್ಲಿ ಕೂತವರೆಲ್ಲ ಉಂಡು ಮುಗಿಸದೆ ಯಾರೂ ಏಳುವಂತಿಲ್ಲ. ಅಂದು ಎಲ್ಲರ ಎಂಜಲು ಕೈ ಒಣಗುತ್ತಿತ್ತು. ಅರ್ಧ ಉಂಡ ಒಂದು ಎಲೆಯ ಮುಂದೆ ಮಾತ್ರ ಆಳಿಲ್ಲ. ಬರುತ್ತಾನೆಂದು ಕಾದರು. ಕೊನೆಗೆ ನನ್ನ ಗಂಡನ ಚಿಕ್ಕಪ್ಪ ರೇಗಿದರು: “ಅವ್ನು ಹಿತ್ಲಾಗಿಂದ ಹೋಗಿ ತುರುವೇಕೆರೆ ಬಸ್ಸು ಹತ್ತಿದ ಕಣ್ರಲಾ! ಸಂಜೆಗಂಟ ಹಿಂಗೇ ಕೂತಿರ್ತೀರಾ?”

ತಿಥಿಮನೆಯಲ್ಲೂ ನಗು ಎದ್ದಿತು. ರಂಗಸ್ವಾಮಿ ಮಾತ್ರ ನನ್ನತ್ತ ನೋಡಿದ. ಕೈ ತೊಳೆದು ಕಟ್ಟು ಬಿಚ್ಚಿದೆವು. ಪ್ರೊಸೆಸರಿನ ಪಾಲಿಗೆ ಕೆಲಸವಿಲ್ಲದಿದ್ದರೆ ಅದು ನೇರ ಪ್ರೋಗ್ರಾಮಿನ ಕೊನೆಗೆ ಹೋಗಲಿ ಎಂದು ಮುಖ್ಯಸ್ಥರು ಬರೆದಿದ್ದರು. ಬ್ಯಾರಿಯರ್ ಇದ್ದದ್ದು ಆ ಸಾಲಿಗೂ ಕೊನೆಗೂ ನಡುವೆ. ಒಂದು ಪ್ರೊಸೆಸರ್ ಹೊರಟೇಹೋಗಿತ್ತು, ಮೂರು ಅದಕ್ಕಾಗಿ ಕಾಯುತ್ತಿದ್ದವು. ಎಲ್ಲ ದಾರಿಗಳೂ ಬ್ಯಾರಿಯರ್ ಹಾದೇ ಹೋಗುತ್ತವೆಯೇ ಎಂದು ಫ್ರಂಟ್ ಎಂಡ್ ಆಗ ನೋಡುತ್ತಿರಲಿಲ್ಲ.

ತಿಪಟೂರಿಗೆ ಹೋಗಿ ಅಂಚೆ ಕಚೇರಿಯಿಂದ ಟ್ರಂಕ್ ಕಾಲ್ ಮಾಡಿದೆ. ಮುಖ್ಯಸ್ಥರು ಪೂರ್ತಿ ಕೇಳಿಸಿಕೊಂಡರು.

“ಇರಬಹುದು ಕಣ್ರೀ. ಆದ್ರೆ ಬೋರ್ಡಿನ ತಪ್ಪು ಅಂತ ನಿನ್ನೆಯೇ ಮೇಲಕ್ಕೆ ಬರೆದಾಯ್ತು. ಈಗ ನನ್ನದು ಅಂತ ಬರೆಯೋಕಾಗುತ್ತಾ?”

ಹೊರಗೆ ನಿಂತಿದ್ದ ರಂಗಸ್ವಾಮಿಗೆ ಅದನ್ನೇ ಹೇಳಿದೆ.

“ಬುಡಿ ಅಕ್ಕ, ಹೋಯ್ತು. ನಮ್ಮವ್ವಂಗೆ ಏನಂತ ಹೇಳ್ಲಿ, ಅದು ಹೇಳ್ಕೊಡಿ.”

ಅವನನ್ನು ಕರೆದುಕೊಂಡು ಬಿಳಿಗೆರೆಗೆ ವಾಪಸಾದೆ. ರಜೆ ಮುಗಿಸಿ ಹೋದವಳೇ ಬ್ಯಾರಿಯರಿನ ಆ ತಪಾಸಣೆಯನ್ನು ಫ್ರಂಟ್ ಎಂಡಿಗೆ ಸೇರಿಸಿದೆ; ಯಾವ ಸಾಲಿನಲ್ಲಿ ದಾರಿ ತಪ್ಪಿದೆಯೆಂದು ಕಂಪೈಲರ್ ಮುಖದ ಮೇಲೆ ಹೇಳುವಂತೆ. ಅದು ಬಾಯಿ ಬಿಡದಿದ್ದರೆ ತಪ್ಪು ಹೋಗಿ ಕೂರುವುದು ಎದುರು ಮಾತಾಡಲಾಗದವನ ತಲೆಯ ಮೇಲೆ. ಅಷ್ಟರಲ್ಲಿ ರಂಗಸ್ವಾಮಿಯ ಮೇಜು ಖಾಲಿಯಾಗಿತ್ತು.

ತಿಥಿಯ ಆ ಸಂಜೆ ಅವನು ಊರಿಗೆ ಹೋಗಲೊಲ್ಲದೆ ನಮ್ಮಲ್ಲೇ ಉಳಿದ. ಮಿಕ್ಕಿದ್ದ ಅನ್ನ, ಹುಳಿ, ಪಾಯಸ ಬಡಿಸಿದೆ. ಪಾಯಸ ಮುಟ್ಟದೆ ಮಜ್ಜಿಗೆ ಅನ್ನ ಉಂಡ. ಚಿಕ್ಕಪ್ಪ ಎಲ್ಲರಿಗಿಂತ ಮೊದಲು ನಿದ್ದೆಹೋದರು. ನಾನು ಮಲಗುವ ಹೊತ್ತಿಗೂ ರಂಗಸ್ವಾಮಿ ಜಗಲಿಯಲ್ಲೇ ಕೂತಿದ್ದ, ಅವನ ಚಾಪೆ ಹಾಸಿದ ಹಾಗೇ ಇತ್ತು.