ಬಾಗಿಲ ಪಕ್ಕದ ಮೊಳೆ

ನಮ್ಮ ಯಜಮಾನರು ಮೈಸೂರಿನ ಅಂಚಿನ ಒಂದು ಸಣ್ಣ ರೈಲ್ವೆ ಸ್ಟೇಷನ್ನಿನಲ್ಲಿ ಮೂವತ್ತೊಂದು ವರ್ಷ ಗಂಟೆ ಹೊಡೆದವರು. ಗಂಟೆ ಎಂದರೆ ನೇತುಹಾಕಿದ ರೈಲು ಕಂಬಿಯ ತುಂಡು. ಹೊಡೆಯಲು ಕೊಕ್ಕೆಯಿದ್ದ ಒಂದು ಕಬ್ಬಿಣದ ಸರಳು. ಅದು ಕೈ ಒತ್ತುತ್ತದೆಂದು ನಾನೇ ಹಿಡಿಗೆ ಹಳೇ ಸೀರೆಯ ಅಂಚು ಸುತ್ತಿ, ಮೇಲೆ ತಾಮ್ರದ ತಂತಿ ಬಿಗಿದುಕೊಟ್ಟಿದ್ದೆ, ಏಳು ಸುತ್ತು. ಬಾವುಟ ತೋರಿಸಲು, ದೀಪ ಒರೆಸಲು, ಎಲ್ಲಕ್ಕೂ ಅವರದು ಎಡಗೈ. ಊಟಕ್ಕೆ ಮಾತ್ರ ಬಲಗೈ. ಅದು ನಮ್ಮತ್ತೆಯ ಏಟಿನ ಫಲ.

ಸ್ಟೇಷನ್ ಮುಚ್ಚಿದ ದಿನ ಅವರು ಕಾಲು ಮುರಿದುಕೊಂಡು ಮಲಗಿದ್ದರು. ಕೊನೆಯ ಗಾಡಿಗೆ ಗಂಟೆ ಹೊಡೆಯಲು ಸರಳೇ ಸಿಗಲಿಲ್ಲ. ಗಾಡಿ ಸುಮ್ಮನೆ ಹೊರಟಿತು. ಆಗ ಸ್ಟೇಷನ್ ಮಾಸ್ಟರ್ ಆಗಿದ್ದ ಏಕಾಂತಯ್ಯನವರು ಕೃಷ್ಣಮೂರ್ತಿಪುರಂನಲ್ಲಿ ನಮ್ಮ ಬೀದಿಯವರೇ. ಹದಿನೇಳು ವರ್ಷದಿಂದ ಮದುವೆಮನೆಯಲ್ಲೂ ಹಾಲಿನ ಬೂತಿನಲ್ಲೂ ಅವರದು ಒಂದೇ ಕಥೆ: “ಮಂಟಯ್ಯ ಸರಳು ಕಳೆದ್ಬುಟ್ಟ ಕಣ್ರೀ.”

“ಬಾಗಿಲ ಪಕ್ಕದ ಮೊಳೆಯಲ್ಲೇ ಇದೆ” ಎನ್ನುತ್ತಲೇ, ಆ ಕಾಲಿನಿಂದ ಹೋಗಿ ತೋರಿಸಲಾಗದೆ, ನಮ್ಮವರು ನಾಲ್ಕು ವರ್ಷದ ಹಿಂದೆ ತೀರಿಕೊಂಡರು. ಮುಂದಿನ ವಾರ ಆ ಕಟ್ಟಡ ಒಡೆಯುತ್ತಾರೆಂದು ಕೇಳಿ ನಾನು ಏಕಾಂತಯ್ಯನವರ ಮನೆಗೇ ಹೋದೆ.

“ಬನ್ನಿ ಮಾಸ್ಟ್ರೇ, ಹುಡುಕೋಣ. ಸಿಗದಿದ್ರೆ ಇನ್ಮೇಲೆ ನಿಮ್ಮ ಕಥೆಗೆ ನಾನೇ ಹೂಂಗುಟ್ತೀನಿ.”

“ಈ ಮಂಡಿ ಇಟ್ಕೊಂಡಾ ಬಸಮ್ಮ?”

“ಮಂಡಿ ನಂದೂ ನೋಯ್ತದೆ. ಆಟೋ ನಿಂತಿದೆ, ಏಳಿ.”

ಪ್ಲಾಟ್‌ಫಾರಂ ತುಂಬ ಲಂಟಾನ ಪೊದೆ ಬೆಳೆದಿತ್ತು. ಹೆಂಚು ಅರ್ಧ ಉದುರಿತ್ತು. ಕಂಬಿ ತುಂಡು ಮಾತ್ರ ತೊಲೆಯಲ್ಲೇ ನೇತಾಡುತ್ತಿತ್ತು, ಕಳ್ಳರಿಗೂ ಭಾರವಾಗಿರಬೇಕು. ಟಿಕೆಟ್ ಕಿಟಕಿಯಿಂದ ಒಂದು ಮೇಕೆ ನಮ್ಮನ್ನು ನೋಡಿತು.

“ನೋಡಿ, ನಿಮ್ಮ ಜಾಗಕ್ಕೆ ಬೇರೆಯೋರು ಬಂದ್ಬುಟ್ಟವ್ರೆ” ಎಂದೆ.

ನಮ್ಮವರು ಬಾವುಟ, ಸರಳು ಇಡುತ್ತಿದ್ದ ದೀಪದ ಕೋಣೆಯ ಬಾಗಿಲನ್ನು ಗೆದ್ದಲು ತಿಂದು ಮುಗಿಸಿತ್ತು. ಏಕಾಂತಯ್ಯನವರು ಒಳಗೆ ಹೋಗಿ ನೇರ ಬಲಗಡೆಯ ಮೊಳೆ ಮುಟ್ಟಿದರು. “ಇದೇ ಕಣಮ್ಮ ಮೊಳೆ. ಅವತ್ತೂ ಬರಿದು, ಇವತ್ತೂ ಬರಿದು.”

ನಾನು ಹೊಸ್ತಿಲಲ್ಲಿ ನಿಂತೆ. ನಮ್ಮವರ ಹಾಗೆ ಒಂದು ಹೆಜ್ಜೆ ಒಳಗಿಟ್ಟು ಎಡಗೈ ಚಾಚಿದೆ. ಎಡಗೋಡೆ ತುಂಬ ಹಬ್ಬಿದ್ದ ಅರಳಿ ಬೇರು ಕೈಗೆ ತಗುಲಿತು. ಬಾಗಿಲಿದ್ದ ಕಾಲದಲ್ಲಿ, ಅದನ್ನು ಪೂರ್ತಿ ತೆರೆದರೆ ಈ ಗೋಡೆ ಅದರ ಹಿಂದೆ ಮರೆಯಾಗುತ್ತಿತ್ತು. ಸೊಪ್ಪು ಬಿಡಿಸುವಂತೆ ಬೇರಿನ ಎಳೆಗಳನ್ನು ಒಂದೊಂದಾಗಿ ಬಿಡಿಸತೊಡಗಿದೆ.

“ಸಾಕು ಬುಡಮ್ಮ, ಹಾವು ಗೀವು ಇದ್ದಾವು.”

“ಹದಿನೇಳು ವರ್ಷ ಮಾತಾಡಿದ್ದೀರಿ, ಹದಿನೇಳು ನಿಮಿಷ ಸುಮ್ನಿರಿ.”

ಬೇರಿನ ಹಿಂದೆ ಮೊಳೆ ಇತ್ತು. ಮೊಳೆಯಲ್ಲಿ ಸರಳು. ಬಟ್ಟೆ ಪುಡಿಯಾಗಿತ್ತು. ಹಸಿರುಗಟ್ಟಿದ ತಂತಿಯನ್ನು ಎಣಿಸಿದೆ: ಏಳು ಸುತ್ತು.

ಏಕಾಂತಯ್ಯನವರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. “ಅವನು ಎಡಚ ಅನ್ನೋದೇ ಮರ್ತ್ಬುಟ್ಟಿದ್ದೆ ಕಣಮ್ಮ.”

“ಈಗ ಹೊಡೀರಿ” ಎಂದು ಸರಳು ಅವರ ಕೈಗೆ ಕೊಟ್ಟೆ.

ಮೂರು ಏಟು ಹೊಡೆದರು. ಮೇಕೆ ಕಿಟಕಿಯಿಂದ ಹಾರಿ ಓಡಿತು.

“ಹೊರಡ್ತು ಗಾಡಿ!” ಎಂದರು. “ಹದಿನೇಳು ವರ್ಷ ಲೇಟು.”

ವಾಪಸು ಬರುವಾಗ ಅವರು ಆಟೋ ಡ್ರೈವರಿಗೆ ಕಥೆ ಶುರುಮಾಡಿದರು. ನಾನು ಕಿವಿಗೊಟ್ಟು ಕೂತೆ. “ಸರಳು ಇಟ್ಟ ಜಾಗದಲ್ಲೇ ಇತ್ತು ಕಣಪ್ಪ. ಸರಿಯಾಗಿ ನೋಡದೇ ಇದ್ದೋನು ನಾನು.”

“ಇಟ್ಟೋರ ಹೆಸರೂ ಹೇಳಿ ಮಾಸ್ಟ್ರೇ” ಎಂದೆ.

“ಮಂಟಯ್ಯ” ಎಂದರು, ಆಟೋ ಸದ್ದಿಗಿಂತ ಜೋರಾಗಿ.