ಲಾರಿ ಹೇಳಿದ ರೋಗ

ನರಗುಂದದ ತಮ್ಮ ರಿಪೇರಿ ಅಂಗಡಿಯಲ್ಲಿ ನಜೀರಸಾಬರು ಹಳೆ ಕಂಪ್ಯೂಟರಿನ ಸ್ವಿಚ್ಚು ಒತ್ತಿ, ತಗಡಿಗೆ ಗಲ್ಲ ಹಚ್ಚಿ, ಕಣ್ಣು ಮುಚ್ಚಿ ತೀರ್ಪು ಕೊಟ್ಟರು. "ಒಂದ ಸವನ ಕೂಗಾಕತ್ತೈತಿ. ಮೆಮರಿ ಹೋಗೈತಿ."

ಪ್ಲಗ್ ಕಿತ್ತು ಮೆಮರಿ ಪಟ್ಟಿ ಹೊರತೆಗೆದರು. ಕೂಗು ನಿಲ್ಲಲಿಲ್ಲ. ಕರೆಂಟಿಲ್ಲದೆ ಕೂಗುವ ಕಂಪ್ಯೂಟರನ್ನು ಅವರು ಬೆರಗಾಗಿ ನೋಡುತ್ತಿರುವಾಗ, ಎದುರಿನ ಕಾಳಿನ ಅಂಗಡಿಗೆ ಹಿಂದೆ ಸರಿಯುತ್ತಿದ್ದ ಲಾರಿ ನಿಂತಿತು, ಕೂಗೂ ನಿಂತಿತು.

"ಕಾಕಾ, ಲಾರಿದೂ ಮೆಮರಿ ತಗದ ಬಿಡ್ರಿ," ಅಂದಳು ಕವಿತಾ. ಅಂದದ್ದು ನಗಿಸಲು, ಅವಳಿಗೇ ನಗು ಬರಲಿಲ್ಲ.

ಮೆಣಸಗಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅವಳು ತಂದ ಪೆಟ್ಟಿಗೆ ಅದು. ಲಗ್ನಪತ್ರಿಕೆ ಟೈಪು ಮಾಡುತ್ತಿದ್ದ ಕಾಲದಲ್ಲಿ, ಅವ್ವ ಗಾಳೆವ್ವ ಹೇಳಿದ ಬೀಸುವ ಹಾಡುಗಳನ್ನೆಲ್ಲ ಅದರಲ್ಲಿ ಹೊಡೆದಿಟ್ಟಿದ್ದಳು. ಹಾಳೆಯ ಮೇಲಿದ್ದವನ್ನು ಮನೆಗೆ ನುಗ್ಗಿದ ಹೊಳೆ ಒಯ್ದಿತ್ತು. ಅವ್ವ ಹೋಗಿ ಎರಡು ವರ್ಷ. ಅಟ್ಟಕ್ಕೇರಿಸಿದ್ದ ಪೆಟ್ಟಿಗೆ ಉಳಿದಿತ್ತು, ತೇವ ಕುಡಿದು ಮೂಕಾಗಿತ್ತು. ಅದರ ಡಿಸ್ಕು ಹಚ್ಚಲು ಈಗಿನ ಯಂತ್ರಗಳಲ್ಲಿ ಜಾಗವಿಲ್ಲ, ಅದೇ ಏಳಬೇಕು.

ನಜೀರಸಾಬರು ಬಿಚ್ಚಿದ್ದನ್ನು ಬಿಚ್ಚಿದ ಸಾಲಿನಲ್ಲೇ ಮೊರದಲ್ಲಿಡುವವರು. ಆ ಮೊರ ಕೇಳಿ ಕೇಳಿ ಸಾಕಾಗಿ ಮಡದಿ ಮುಮತಾಜಬಿ ಕಾಳಿಗೆ ಬೇರೆ ಮೊರ ಕೊಂಡಿದ್ದರು.

"ಇದೂ ನಮ್ಮಂಗ ಏಳತೈತವಾ. ಮೊದ್ಲ ತನ್ನ ಕೈಕಾಲು ಮುಟ್ಟಿ ನೋಡ್ಕೋತೈತಿ. ನೆನಪು ಐತೇನ, ಪರದೆ ಐತೇನ, ಕೀಬೋರ್ಡ್ ಐತೇನ. ಪರದೆ ಹತ್ತೋತನಾ ಅದಕ್ಕ ಕೂಗೋದೊಂದ ಗೊತ್ತು. ಒಂದ ಸಣ್ಣ ಕೂಗಂದ್ರ ಎಲ್ಲಾ ಆರಾಮ. ಉದ್ದಕ ಕೂಗಕೋತ ಹೋದ್ರ ಮೆಮರಿ."

"ಸುಮ್ನಿದ್ರ?"

ಅವರು ಮೊರ ಹತ್ತಿರ ಎಳೆದುಕೊಂಡು ಇನ್ನೊಂದು ಸ್ಕ್ರೂ ಬಿಚ್ಚಿದರು.

ಕವಿತಾ ದಿನವೂ ಬೆಳಗಿನ ಬಸ್ಸಿಗೆ ಬಂದು ಕೂತಳು. ಅವರು ಒಂದೊಂದೇ ಭಾಗ ಬಿಚ್ಚುವರು, ಸ್ವಿಚ್ಚು ಒತ್ತುವರು, ಗಲ್ಲ ಹಚ್ಚಿ ಕೂರುವರು. ಮುಮತಾಜಬಿ ಬಿಸಿ ಮಿರ್ಚಿಭಜಿ ತಂದಿಟ್ಟರೆ ಮುಟ್ಟಲಿಲ್ಲ. ಚಹಾ ಆರಿಸಿ ಕುಡಿದರು. ತನ್ನ ಅವ್ವನ ಹಾಡಿಗಾಗಿ ಒಬ್ಬರು ಊಟ ಮರೆತದ್ದು ಕಂಡು ಅವಳೂ ಭಜಿ ಮುಟ್ಟದೆ ಕೂತಳು.

ಮೂರನೆಯ ದಿನ ಅವರಿಗೆ ಹೊಳೆಯಿತು: ಅದು ಕೂಗುತ್ತಲೇ ಇರಬಹುದು, ಗಂಟಲು ಹೋಗಿರಬಹುದು. ಒಳಗಿನ ಪುಟ್ಟ ಸ್ಪೀಕರು ಜಂಗು ಹಿಡಿದಿತ್ತು. ರೇಡಿಯೊದ್ದೊಂದು ಜೋಡಿಸಿ, ಬಿಚ್ಚಿದ್ದನ್ನೆಲ್ಲ ತಿರುಗಿ ಕೂರಿಸಿ ಸ್ವಿಚ್ಚು ಒತ್ತಿದರು. ಉದ್ದ ಕೂಗು. ಮತ್ತೆ ಉದ್ದ ಕೂಗು. ಇಬ್ಬರೂ ಎದ್ದು ಬೀದಿ ನೋಡಿದರು. ಲಾರಿ ಇರಲಿಲ್ಲ.

"ಲಾರಿ ಹೇಳಿದ್ದ ಖರೇ ಆತಲ್ರಿ," ಅಂದಳು ಕವಿತಾ.

ಮೆಮರಿ ಪಟ್ಟಿಯ ಬಂಗಾರದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ಲಿನ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸಿದರು. ಒಂದು ಸಣ್ಣ ಕೂಗು. ಪರದೆ ಹತ್ತಿತು. ಫೈಲು ತೆರೆದಾಗ ಹಾಡುಗಳು ಸಾಲಾಗಿ ನಿಂತಿದ್ದವು. ಓದುತ್ತ ಕವಿತಾಳ ಬಲಗೈ ಬೀಸುವ ಕಲ್ಲಿನ ಗೂಟ ಹಿಡಿದಂತೆ ತಾನಾಗಿ ತಿರುಗತೊಡಗಿತು.

ಕೊನೆಯ ಹಾಡು ಓದಿ ಮುಗಿಸಿ ಕೇಳಿದಳು, "ಕಾಕಾ, ಮೂರು ದಿನ ಇದಕ್ಕ ಗಲ್ಲ ಹಚ್ಚಿ ಕುಂತಿದ್ರಿ. ಒಳಗಿಂದ ನಿಮಗ ಏನ್ ಹೇಳತಿತ್ರಿ?"

"ಏನೂ ಇಲ್ಲವಾ," ಅಂದರು ನಜೀರಸಾಬರು. "ದವಡಿ ಹಲ್ಲು ಭಾಳ ನೋಯಾಕತ್ತಿತ್ತು. ತಗಡು ತಣ್ಣಗಿತ್ತು."